ಕವಡೆಯ ನಾಡಿನಲ್ಲಿ ಡಾಲರು

'ಕವಡೆ ಕಾಸಿನ ಬೆಲೆಯಿಲ್ಲ' ಎನ್ನುವ ಮಾತನ್ನು ನಾವೆಲ್ಲ ದಿನಕ್ಕೊಮ್ಮೆಯಾದರೂ ಕೇಳುತ್ತೇವೆ. ಕವಡೆಯನ್ನು ಈಗ ನೋಡಬೇಕಾದರೆ ಚೌಕಾಬಾರದ ಮಣೆಯ ಮೇಲೆ ನೋಡಬೇಕು, ಇಲ್ಲವೇ ಜೋಯಿಸರ ಮನೆಗೆ ಹೋಗಬೇಕು. ಆದರೆ ಈ ಕವಡೆ ಒಂದು ಕಾಲಕ್ಕೆ ನಿಜವಾದ ದುಡ್ಡಾಗಿತ್ತು. ಬಂಗಾಳ, ಒರಿಸ್ಸಾದ ಸಂತೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಅದು ಚಲಾವಣೆಯಲ್ಲಿತ್ತು. ಅದರ ದೊಡ್ಡ ಪಾಲು ಬರುತ್ತಿದ್ದುದು ಮಾಲ್ದೀವ್ಸ್ ದ್ವೀಪಗಳಿಂದ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡವನು. 1343ರ ಸುಮಾರಿಗೆ ಮಾಲ್ದೀವ್ಸಿಗೆ ಹೋಗಿ ಅಲ್ಲಿ ಕೆಲವು ತಿಂಗಳು ಕಾಜಿಯಾಗಿದ್ದ. ಅಲ್ಲಿಯ ಜನ ಸಮುದ್ರದಿಂದ ಕವಡೆ ಆಯ್ದು, ಅದನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಒಂದು ಚಿನ್ನದ ದಿನಾರಿಗೆ ನಾಲ್ಕು ಲಕ್ಷ ಕವಡೆ. ಬೆಲೆ ಬಿದ್ದಾಗ ಹನ್ನೆರಡು ಲಕ್ಷದವರೆಗೂ ಹೋಗುತ್ತಿತ್ತಂತೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಇದನ್ನು ಓದಿ ಸಮಾಧಾನವಾಯಿತು. ವಿನಿಮಯ ದರದ ತಲೆಬಿಸಿ ನಮ್ಮ ಕಾಲದ್ದು ಮಾತ್ರವಲ್ಲ, ಏಳು ನೂರು ವರ್ಷದ ಹಿಂದೆಯೂ ಇತ್ತಲ್ಲ!

ನಾನು ಇಲ್ಲಿ ಬರೆಯಹೊರಟಿರುವುದು ಒಂದು ಪ್ರಶ್ನೆಯ ಬಗ್ಗೆ. ಪರದೇಶಕ್ಕೆ ಎಂಟು ದಿನದ ಮೋಜಿಗೆ ಹೋದವನು ಆ ದೇಶದ ಹಣದ ನಿಯಮಕ್ಕೆ ಎಷ್ಟು ಬದ್ಧನಾಗಿರಬೇಕು? ನಿಯಮ ಮುರಿದರೆ ತನಗೂ ಲಾಭ, ಎದುರಿಗಿರುವ ಸ್ಥಳೀಯನಿಗೂ ಲಾಭ ಎಂದಾದರೆ? ಹಾಗೂ ಮುರಿಯಲಾರೆ ಎನ್ನುವ ಹಟಕ್ಕೆ ಯಾರ ಜೇಬಿನಿಂದ ದುಡ್ಡು ಹೋಗಬೇಕು? ಇದೇನು ದೊಡ್ಡ ವೇದಾಂತ ಮಾರಾಯ್ರೆ, ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ದೋಣಿಯಲ್ಲಿ ಕುಳಿತು ನಾಲ್ಕು ಜನರ ಎದುರು ಉತ್ತರ ಹೇಳಬೇಕಾಗಿ ಬಂದಾಗ ಅದು ಅಷ್ಟು ಸಣ್ಣದಲ್ಲ ಎಂದು ತಿಳಿಯಿತು.

ನಮ್ಮ ಮನೆಯಲ್ಲಿ ಡೈವಿಂಗಿನ ಹುಚ್ಚು ಮಗಳಿಂದ ಶುರುವಾದದ್ದು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಆದರೆ ಸಮುದ್ರದ ಒಳಗೆ ಮೊದಲು ಇಳಿದದ್ದು ನಮ್ಮ ಕಡೆಯಲ್ಲೇ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ. ಮದುವೆಯಾದ ಮೇಲೆ ಅಳಿಯನಿಗೂ ಅದನ್ನು ಅಂಟಿಸಿದಳು. 2025ರ ಫೆಬ್ರವರಿಯಲ್ಲಿ ಅವರಿಬ್ಬರು, ಅವರ ಇಬ್ಬರು ಸ್ನೇಹಿತರು ಮಾಲ್ದೀವ್ಸಿಗೆ ಹೊರಟಾಗ, 'ಅಪ್ಪ, ಅಮ್ಮ, ನೀವೂ ಬನ್ನಿ' ಎಂದು ನಮ್ಮನ್ನೂ ಎಳೆದುಕೊಂಡು ಹೋದರು. ನನಗೆ ಬಿಪಿ ಇದೆ, ಡಾಕ್ಟರು ಸಿಲಿಂಡರ್ ಕಟ್ಟಿಕೊಳ್ಳುವುದು ಬೇಡವೆಂದರು. ಹಾಗಾಗಿ ಅವರು ನಾಲ್ವರು ಮುಳುಗುವವರು, ನಾವಿಬ್ಬರು ತೇಲುವವರು. ನೀರಿಗೆ ಇಳಿಯದವನಿಗೆ ಕೆಲಸ ಬೇಕಲ್ಲ? ನನ್ನನ್ನು ಖಜಾಂಚಿ ಮಾಡಿದರು. ಆರೂ ಜನ ಸಮನಾಗಿ ಹಾಕಿದ ಕಿಟ್ಟಿಯ ದುಡ್ಡು ನನ್ನ ಕೈಗೆ ಬಂತು.

ನೀರಿನ ನಡುವೆ ದುಡ್ಡು ಇಟ್ಟುಕೊಳ್ಳುವುದು ಒಂದು ವಿಚಿತ್ರ ಉದ್ಯೋಗ. ಡೈವಿಂಗಿಗೆ ಇಳಿದವನ ಮೈಮೇಲೆ ಜೇಬೇ ಇರುವುದಿಲ್ಲ. ಎಲ್ಲರ ಪಾಸ್‌ಪೋರ್ಟು, ಕಾರ್ಡು, ನೋಟು ಒಂದು ನೀರು ಹೋಗದ ಚೀಲದಲ್ಲಿ ಹಾಕಿ, ಬಾಯಿ ಸುತ್ತಿ, ನನ್ನ ತೊಡೆಯ ಮೇಲೆ. ನನ್ನಾಕೆ ನಕ್ಕಳು: 'ನೀವು ರಿಟೈರ್ ಆದ್ರೂ ನಿಮ್ಮ ಕೌಂಟರ್ ಮುಚ್ಲಿಲ್ಲ ನೋಡಿ.'

ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಲ್ಲಿಂದ ಒಂದು ಪ್ರವಾಸಕ್ಕೆ ಒಬ್ಬರು ವಿದೇಶಿ ನೋಟುಗಳನ್ನು ಹೆಚ್ಚೆಂದರೆ ಮೂರು ಸಾವಿರ ಡಾಲರಿನಷ್ಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ನಾವು ಸ್ವಲ್ಪ ನೋಟು, ಸ್ವಲ್ಪ ಫಾರೆಕ್ಸ್ ಕಾರ್ಡು ಮಾಡಿಕೊಂಡಿದ್ದೆವು. ನೋಟಿನ ಮೇಲೆ ಪೆನ್ನಿನ ಒಂದು ಗೀಟು ಇದ್ದರೂ, ಮೂಲೆ ಹರಿದಿದ್ದರೂ, ತೀರಾ ಹಳೆಯ ಸೀರೀಸ್ ಆಗಿದ್ದರೂ ಹೊರದೇಶದಲ್ಲಿ ಡಾಲರನ್ನು ಮುಟ್ಟುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಂದಿದ್ದೆ. ಕಾರ್ಡು ಉಜ್ಜುವಾಗ ಯಂತ್ರ 'ರೂಪಾಯಿಯಲ್ಲಿ ಕೊಡ್ತೀರಾ, ಇಲ್ಲಿನ ಹಣದಲ್ಲಿ ಕೊಡ್ತೀರಾ' ಎಂದು ಕೇಳುತ್ತದೆ. ರೂಪಾಯಿ ನೋಡಿದ ಕೂಡಲೇ ನಮ್ಮವರು ಪ್ರೀತಿಯಿಂದ ಅದನ್ನೇ ಒತ್ತುತ್ತಾರೆ. ಹಾಗೆ ಒತ್ತಿದರೆ ಪರಿವರ್ತನೆಯ ದರವನ್ನು ಆ ಯಂತ್ರದವರೇ ಹಾಕುತ್ತಾರೆ, ನೂರಕ್ಕೆ ಕೆಲವು ರೂಪಾಯಿ ಸುಮ್ಮನೆ ಹೋಗುತ್ತದೆ. ಇವೆಲ್ಲ ಗೊತ್ತಿದ್ದರೆ ಸಾಕು, ಹಣದ ವಿಷಯದಲ್ಲಿ ಗೆದ್ದಂತೆ ಎಂದು ಹುಡುಗರು ತಿಳಿದಿದ್ದರು. ಇವು ಜಾಣತನದ ಮಾತುಗಳು. ಜಾಣತನ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ.

ನಾವು ಇಳಿದುಕೊಂಡದ್ದು ಮಾಫುಶಿ ಎಂಬ ದ್ವೀಪದಲ್ಲಿ. ಶ್ರೀಮಂತರ ರೆಸಾರ್ಟ್ ದ್ವೀಪ ಅಲ್ಲ, ಜನವಸತಿಯ ದ್ವೀಪ. ಶಾಲೆ, ಮಸೀದಿ, ಕಿರಾಣಿ ಅಂಗಡಿ, ಒಂದು ಜೈಲು, ಜೊತೆಗೆ ಸಾಲು ಸಾಲು ಗೆಸ್ಟ್‌ಹೌಸು. ಈ ತುದಿಯಿಂದ ಆ ತುದಿಗೆ ಕಾಲು ಗಂಟೆಯ ನಡಿಗೆ. ಅಲ್ಲಿಯ ಹಣ ರುಫಿಯಾ. ಹೆಸರು ಕೇಳಿದರೆ ನಮ್ಮ ರೂಪಾಯಿಯ ತಂಗಿ ಎಂದು ಗೊತ್ತಾಗುತ್ತದೆ. ನೋಟು ಪಾಲಿಮರಿನದು, ನೀರಿಗೆ ಬಿದ್ದರೂ ಹಾಳಾಗುವುದಿಲ್ಲ. ಸಾವಿರ ರುಫಿಯಾದ ನೋಟಿನ ಮೇಲೆ ಕಡಲಾಮೆ, ತಿಮಿಂಗಿಲ ಶಾರ್ಕು. ಕೆಳಗೆ ನೀರಿನಲ್ಲಿ ಮಗಳು ನೋಡುತ್ತಿದ್ದುದನ್ನು ನಾನು ಮೇಲೆ ನೋಟಿನಲ್ಲಿ ನೋಡುತ್ತ ಕುಳಿತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಮಾಲ್ದೀವ್ಸಿನ ಕೇಂದ್ರ ಬ್ಯಾಂಕು ರುಫಿಯಾವನ್ನು ಡಾಲರಿಗೆ ಕಟ್ಟಿಹಾಕಿದೆ. 2001ರಿಂದ ಡಾಲರಿಗೆ 12.85 ಎಂದು ಇತ್ತು. 2011ರ ಏಪ್ರಿಲಿನಲ್ಲಿ ಅದರ ಮೇಲೆ ಕೆಳಗೆ ಶೇಕಡಾ 20ರಷ್ಟು ಓಡಾಡಬಹುದು ಎಂದು ಸಡಿಲ ಮಾಡಿದರು. ದರ ಓಡಾಡಲಿಲ್ಲ, ನೇರವಾಗಿ ಮೇಲಿನ ಗೆರೆಗೆ ಹೋಗಿ 15.42ಕ್ಕೆ ಅಂಟಿಕೊಂಡಿತು. ನಾವು ಹೋದಾಗಲೂ ಬ್ಯಾಂಕಿನ ದರ ಅದೇ. ಆದರೆ ಬ್ಯಾಂಕಿನಲ್ಲಿ ಸ್ಥಳೀಯರಿಗೆ ಬೇಕಾದಷ್ಟು ಡಾಲರು ಸಿಗುವುದಿಲ್ಲ, ಮಿತಿಯಿದೆ. ಸಿಗದಿದ್ದಾಗ ಬೀದಿ ಇದ್ದೇ ಇದೆ. ಬೀದಿಯಲ್ಲಿ ನಮಗೆ ಹೇಳಿದ ದರ ಹದಿನೆಂಟು.

ನಮ್ಮ ಡೈವ್ ಗೈಡು ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನೀರಿನ ಒಳಗೆ ನಮ್ಮ ಮಕ್ಕಳ ಜೀವ ಅವನ ಕೈಯಲ್ಲಿ. ಮೇಲೆ ಬಂದರೆ ನನಗೆ ಚಹಾ ತಂದುಕೊಡುತ್ತಿದ್ದ. ಡೈವ್ ಮಾಡಿದ ಮೇಲೆ ಹದಿನೆಂಟು ಗಂಟೆಯಾದರೂ ವಿಮಾನ ಹತ್ತಬಾರದು ಎಂಬ ನಿಯಮವಿರುವುದರಿಂದ ಕೊನೆಯ ದಿನ ಯಾರೂ ನೀರಿಗಿಳಿಯುವುದಿಲ್ಲ. ಅಂದು ಲೆಕ್ಕ ಚುಕ್ತಾ ಮಾಡುವ ದಿನ. ಡೈವಿಂಗು, ಊಟ, ದೋಣಿ ಎಲ್ಲ ಸೇರಿ ಇನ್ನೂ 900 ಡಾಲರ್ ಕೊಡಬೇಕಿತ್ತು. ಡಾಲರಿನಲ್ಲಿ ಕೊಡಿ, ಇಲ್ಲವೇ ಬ್ಯಾಂಕಿನ ದರದಲ್ಲಿ 13,878 ರುಫಿಯಾ ಕೊಡಿ ಎಂದರು. ಆಪತ್ತಿಗೆಂದು ನಾನು ಬೇರೆ ಕವರಿನಲ್ಲಿ ಇಟ್ಟಿದ್ದ ಡಾಲರುಗಳೂ ಹಾಗೇ ಉಳಿದಿದ್ದವು. ನಮ್ಮ ಪುಣ್ಯ, ಆಪತ್ತು ಬಂದಿರಲಿಲ್ಲ.

ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ. 'ಅಂಕಲ್, ನಿಮ್ಮ ಡಾಲರ್ ನನಗೆ ಕೊಡಿ. ಹದಿನೆಂಟರ ಲೆಕ್ಕದಲ್ಲಿ ರುಫಿಯಾ ಕೊಡ್ತೇನೆ. ನೀವು ಬಿಲ್ಲನ್ನು ರುಫಿಯಾದಲ್ಲಿ ಕಟ್ಟಿ.' ಅವನ ತಾಯಿಗೆ ತಿರುವನಂತಪುರದಲ್ಲಿ ಚಿಕಿತ್ಸೆ. ಮಾಲ್ದೀವ್ಸಿನ ಜನ ದೊಡ್ಡ ಕಾಯಿಲೆಗೆ ತಿರುವನಂತಪುರಕ್ಕೋ ಬೆಂಗಳೂರಿಗೋ ಬರುವುದು ಹಳೆಯ ರೂಢಿ. ಆಸ್ಪತ್ರೆಯ ಖರ್ಚಿನ ಒಂದು ಪಾಲಿಗೆ ಸರ್ಕಾರದ ನೆರವು ಇದೆಯಂತೆ. ಎರಡು ತಿಂಗಳ ಮನೆ ಬಾಡಿಗೆ, ಜೊತೆಗಿರುವವರ ಊಟ, ಔಷಧ ಇವಕ್ಕೆ ಕೈಯಲ್ಲಿ ಡಾಲರು ಬೇಕು.

ಲೆಕ್ಕ ಹಾಕಿ. 13,878 ರುಫಿಯಾ ಹದಿನೆಂಟರ ದರದಲ್ಲಿ 771 ಡಾಲರಿಗೇ ಬರುತ್ತದೆ. ನಮಗೆ 129 ಡಾಲರ್ ಉಳಿತಾಯ, ಅಂದಿನ ದರದಲ್ಲಿ ಹತ್ತಿರ ಹತ್ತಿರ ಹನ್ನೊಂದು ಸಾವಿರ ರೂಪಾಯಿ. ಅವನಿಗೆ ಅಲೆದಾಟವಿಲ್ಲದೆ, ಖೋಟಾ ನೋಟಿನ ಭಯವಿಲ್ಲದೆ ಡಾಲರು. ಅಳಿಯ ಕೇಳಿಯೇಬಿಟ್ಟ: 'ಮಾವ, ಇದರಲ್ಲಿ ಯಾರಿಗೆ ನಷ್ಟ?'

ಒಳ್ಳೆಯ ಪ್ರಶ್ನೆ. ಅರ್ಥಶಾಸ್ತ್ರದ ಮೊದಲ ಪಾಠವೇ ಅದು. ಒಪ್ಪಿ ಕೊಡುವವನು, ಒಪ್ಪಿ ಕೊಳ್ಳುವವನು, ನಡುವೆ ಮೂರನೆಯವನಿಗೇನು ಕೆಲಸ? ಆದರೆ ಕೌಂಟರಿನ ಈಚೆ ಕುಳಿತವನಿಗೆ ಒಂದು ವಿಷಯ ಗೊತ್ತಿರುತ್ತದೆ. ಹಣದ ವ್ಯವಹಾರದಲ್ಲಿ ನಷ್ಟವಾಗುವವನು ಸಾಮಾನ್ಯವಾಗಿ ಕೌಂಟರಿನ ಎದುರು ನಿಂತಿರುವುದಿಲ್ಲ.

ಆ ದ್ವೀಪಗಳಲ್ಲಿ ಬೆಳೆಯುವುದು ತೆಂಗು, ಸಿಗುವುದು ಮೀನು. ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಈರುಳ್ಳಿ, ಡೀಸೆಲ್, ಔಷಧ ಎಲ್ಲ ಹೊರಗಿನಿಂದ ಬರಬೇಕು, ಎಲ್ಲಕ್ಕೂ ಡಾಲರು ಬೇಕು. ಡಾಲರು ಬರುವ ದೊಡ್ಡ ಬಾಗಿಲು ನಮ್ಮಂಥ ಪ್ರವಾಸಿಗಳು. ಆ ಕಾಲಕ್ಕೆ ಕವಡೆ ಕೊಟ್ಟು ಅಕ್ಕಿ ತಂದರು, ಈ ಕಾಲಕ್ಕೆ ಹವಳದ ದಿಬ್ಬ ತೋರಿಸಿ ಡಾಲರು ಗಳಿಸಿ ಅಕ್ಕಿ ತರುತ್ತಾರೆ. ಪ್ರವಾಸಿಯ ಡಾಲರು ಬ್ಯಾಂಕಿನ ಬಾಗಿಲಿನಿಂದ ಹೋದರೆ 15.42ರ ದರಕ್ಕೆ ಅಕ್ಕಿ ವ್ಯಾಪಾರಿಯ ಕೈ ಸೇರುವ ಸಾಧ್ಯತೆ ಇದೆ. ಬೀದಿಯಿಂದ ಹೋದರೆ ಬ್ಯಾಂಕಿನಲ್ಲಿ ಅಷ್ಟು ಕಡಿಮೆ, ಸಾಲು ಅಷ್ಟು ಉದ್ದ, ಬೀದಿಯ ದರ ಇನ್ನೂ ಮೇಲೆ. ಅಂದರೆ ಇವತ್ತು ಹದಿನೆಂಟಕ್ಕೆ ಕೊಂಡ ಹುಡುಗನೇ ಮುಂದಿನ ಸಲ ಹತ್ತೊಂಬತ್ತಕ್ಕೆ ಕೊಳ್ಳಬೇಕಾಗುತ್ತದೆ. ಅಲ್ಲಿಯ ಸರ್ಕಾರ 2024ರ ಅಕ್ಟೋಬರಿನಲ್ಲಿ, ಮತ್ತೆ 2025ರ ಜನವರಿಯಲ್ಲಿ, ಪ್ರವಾಸೋದ್ಯಮದವರು ತಮ್ಮ ಡಾಲರಿನ ಒಂದು ಪಾಲನ್ನು ಬ್ಯಾಂಕಿನಲ್ಲಿ ಮಾರಲೇಬೇಕು ಎಂದು ಬಿಗಿ ಮಾಡಿದ್ದು ಇದಕ್ಕೇ. ಅದೇ 2024ರ ಅಕ್ಟೋಬರಿನಲ್ಲಿ ಭಾರತ ಅವರಿಗೆ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ಸ್ವಾಪ್ ಸೌಲಭ್ಯ ಕೊಟ್ಟದ್ದೂ ಇದಕ್ಕೇ.

'ನಮ್ಮ 771 ಡಾಲರಿನಿಂದ ಒಂದು ದೇಶ ಮುಳುಗ್ತದಾ ಅಂಕಲ್?' ಎಂದು ಸ್ನೇಹಿತರಲ್ಲೊಬ್ಬ ನಕ್ಕ. ಮುಳುಗುವುದಿಲ್ಲ. ಆದರೆ ಬೀದಿಯಲ್ಲಿ ಡಾಲರು ಬದಲಾಯಿಸುವ ಪ್ರತಿಯೊಬ್ಬನ ಮಾತೂ ಅದೇ. ಎಲ್ಲರೂ ತಮ್ಮದು ಒಂದೇ ಹನಿ ಎಂದು ಹೇಳುವ ಕಡೆ ಕೊಡ ಖಾಲಿಯಾಗುವುದು ಹೇಗೆಂದು ಯಾರೂ ಕೇಳುವುದಿಲ್ಲ.

ನನ್ನ ಮನಸ್ಸಿನಲ್ಲಿ ಇದ್ದದ್ದು ಈ ವಾದವೊಂದೇ ಅಲ್ಲ. ನಾನು 1981ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಬ್ಯಾಂಕು ಸೇರಿದವನು. ಫೋರ್ಟ್ ಭಾಗದ ನಮ್ಮ ಶಾಖೆಯಿಂದ ಊಟದ ಬಿಡುವಿನಲ್ಲಿ ಫ್ಲೋರಾ ಫೌಂಟನ್ ಕಡೆ ನಡೆದುಹೋಗುವಾಗ ಫುಟ್‌ಪಾತಿನಲ್ಲಿ ನಿಂತ ಹುಡುಗರು ಬಿಳಿಯ ಪ್ರವಾಸಿಗಳನ್ನು ಕಂಡ ಕೂಡಲೇ 'ಚೇಂಜ್ ಮನಿ? ಚೇಂಜ್ ಮನಿ?' ಎಂದು ಪಿಸುಗುಡುತ್ತಿದ್ದರು. ಬ್ಯಾಂಕಿಗಿಂತ ಡಾಲರಿಗೆ ಒಂದೆರಡು ರೂಪಾಯಿ ಜಾಸ್ತಿ. ಆ ಪ್ರವಾಸಿಗಳು ನೋಟು ಎಣಿಸಿ, ಜೇಬಿಗಿಳಿಸಿ, ನಗುತ್ತ ಹೋಗುತ್ತಿದ್ದರು. ಅವರ ಮೇಲೆ ನನಗೆ ಬರುತ್ತಿದ್ದ ಸಿಟ್ಟು ಇಂದಿಗೂ ನೆನಪಿದೆ. ನಮ್ಮ ದೇಶದ ಕಷ್ಟ ಅವರಿಗೊಂದು ಡಿಸ್ಕೌಂಟು!

ಆಮೇಲೆ 1991 ಬಂತು. ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ವಿದೇಶಿ ವಿನಿಮಯ ಉಳಿದಿದ್ದ ವರ್ಷ. ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳಿಸಿ ಅಡವಿಟ್ಟಿತು. ನಾನಾಗ ಫಾರಿನ್ ಎಕ್ಸ್‌ಚೇಂಜ್ ಕೌಂಟರಿನಲ್ಲಿದ್ದೆ. ಆಗ ಫೆಮಾ ಇರಲಿಲ್ಲ, 1973ರ ಫೆರಾ ಇತ್ತು. ಡಾಲರು ಕೊಳ್ಳುವುದೆಂದರೆ ಅರ್ಜಿ, ಅನುಮತಿ, ಕಾಯುವಿಕೆ. ಅಣ್ಣನ ಆಪರೇಷನ್‌ಗೆ ಹೊರದೇಶಕ್ಕೆ ಹೋಗಬೇಕಾದವರು, ಮಗನ ಫೀಸು ಕಳಿಸಬೇಕಾದವರು ಎದುರಿಗೆ ನಿಂತು ಕೇಳುತ್ತಿದ್ದರು. 'ಇಷ್ಟಕ್ಕಿಂತ ಹೆಚ್ಚಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು' ಎನ್ನುವ ವಾಕ್ಯವನ್ನು ಆ ವರ್ಷ ಎಷ್ಟು ಸಲ ಹೇಳಿದ್ದೇನೋ. ಹೇಳಲೇಬೇಕಿತ್ತು. ಒಬ್ಬರಿಗೆ ಸಡಿಲ ಬಿಟ್ಟರೆ ಹಿಂದೆ ನಿಂತವರಿಗೆ ಇಲ್ಲ. ಆದರೆ ಹಾಗೆ ಹೇಳುವಾಗ ನಾನೂ ಆ ದೇಶದಲ್ಲೇ ಇದ್ದೆ; ಸೀಮೆಎಣ್ಣೆಯ ಸಾಲಿನಲ್ಲಿ ನನ್ನಾಕೆಯೂ ನಿಲ್ಲುತ್ತಿದ್ದಳು. ನಿಯಮ ಹೇಳುವವನು ನಿಯಮದ ಭಾರವನ್ನೂ ಹೊರುತ್ತಿದ್ದ.

ಮಾಫುಶಿಯಲ್ಲಿ ನನ್ನ ಸ್ಥಾನ ಬದಲಾಗಿತ್ತು. ಅಲ್ಲಿ ನಾನು ಫ್ಲೋರಾ ಫೌಂಟನ್ನಿನ ಬಿಳಿಯ ಪ್ರವಾಸಿ. ಶನಿವಾರ ಬೆಳಿಗ್ಗೆ ಹೊರಟುಹೋಗುವವನು. ಬೀದಿಯ ದರ ಇಪ್ಪತ್ತಾದರೆ ನನಗೇನು, ಹದಿನೈದಾದರೆ ನನಗೇನು?

ಇಲ್ಲಿ ಪರಊರಿನಲ್ಲಿ ಬದುಕುವುದಕ್ಕೂ ಪರಊರನ್ನು ನೋಡಿಬರುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕು. ನಾಲ್ವತ್ತನಾಲ್ಕು ವರ್ಷದಿಂದ ಮುಂಬಯಿಯಲ್ಲಿ ನಾನು ಹೊರಗಿನವನೇ. ಆದರೆ ಅಲ್ಲಿನ ಲೋಕಲ್ ಟ್ರೇನಿನ ನೂಕುನುಗ್ಗಲು, ಮಳೆಯ ನೀರು, ಈರುಳ್ಳಿಯ ಬೆಲೆ ಎಲ್ಲ ನನಗೂ ಅಷ್ಟೇ, ಅಲ್ಲಿ ಹುಟ್ಟಿದವನಿಗೂ ಅಷ್ಟೇ. ಆ ಊರಿನ ನಿಯಮದ ಬಗ್ಗೆ ಗೊಣಗುವ, ಬೇಕಾದರೆ ಜಗಳ ಮಾಡುವ ಹಕ್ಕನ್ನು ನಾನು ವರ್ಷ ವರ್ಷ ಕಂತು ಕಟ್ಟಿ ಸಂಪಾದಿಸಿದ್ದೇನೆ. ಪ್ರವಾಸಿ ಕಂತು ಕಟ್ಟಿದವನಲ್ಲ. ಆ ಹುಡುಗ ಬೀದಿಯಲ್ಲಿ ಡಾಲರು ಕೊಂಡರೆ, ಅದು ಅವನ ದೇಶದ ನಿಯಮ, ಅವನ ತಾಯಿ, ಅವನ ಅಪಾಯ. ಅದನ್ನು ತೂಗಿ ನೋಡುವವನು ಅವನೇ. ಅವನನ್ನು ತಪ್ಪುಗಾರ ಎನ್ನಲು ನನಗೆ ಬಾಯಿಲ್ಲ. ಆದರೆ ನಾನು ಮಾರಿದರೆ? ನನ್ನ ತಕ್ಕಡಿಯಲ್ಲಿ ಇರುವುದು 129 ಡಾಲರಿನ ಲಾಭ ಮಾತ್ರ. ಇನ್ನೊಂದು ತಟ್ಟೆಯಲ್ಲಿ ನನ್ನದೆಂಬುದು ಏನೂ ಇಲ್ಲ. ಒಂದೇ ಕೆಲಸ ಅವನಿಗೆ ಅನಿವಾರ್ಯ ಇರಬಹುದು, ನನಗೆ ಅದು ಬರೀ ವ್ಯಾಪಾರ.

'ಹಾಗಾದ್ರೆ ಬ್ಯಾಂಕಿನ ದರಕ್ಕೇ ಅವನಿಗೆ ಕೊಡಿ, ಲಾಭ ಬೇಡ' ಎಂದಳು ಮಗಳು. ಅವಳ ಮನಸ್ಸು ದೊಡ್ಡದು. ಲಾಭವಿಲ್ಲದೆ ಕೊಟ್ಟರೆ ದುರಾಸೆಯ ದೋಷ ಹೋಗುತ್ತದೆ ನಿಜ. ಆದರೆ ಲೈಸೆನ್ಸ್ ಇಲ್ಲದೆ ಹಣ ಬದಲಾಯಿಸಿದ ದೋಷ ಹಾಗೇ ಉಳಿಯುತ್ತದೆ, ಮತ್ತು ಸಿಕ್ಕಿಬಿದ್ದರೆ ನೌಕರಿ ಹೋಗುವುದು ಅವನದು, ನಮ್ಮದಲ್ಲ. ಇನ್ನೊಬ್ಬ ಸ್ನೇಹಿತ ಇನ್ನೂ ಜಾಣ: 'ನಾವು ಮುಂಬಯಿಗೆ ಹೋಗಿ ಅವನ ತಾಯಿಯ ಮನೆ ಬಾಡಿಗೆಯನ್ನು ರೂಪಾಯಿಯಲ್ಲಿ ಕಳಿಸೋಣ, ಅವನು ಇಲ್ಲಿ ನಮ್ಮ ಬಿಲ್ಲು ಕಟ್ಟಲಿ.' ಕೇಳಲು ಎಷ್ಟು ಸರಳ! ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಹವಾಲಾ. ಎಷ್ಟು ಒಳ್ಳೆಯ ಉದ್ದೇಶವಿದ್ದರೂ ಫೆಮಾ ಅದನ್ನು ಒಪ್ಪುವುದಿಲ್ಲ.

ಇಷ್ಟರಲ್ಲಿ ನನಗೆ ನಿಜವಾಗಿ ಕಷ್ಟವಾದ ಪ್ರಶ್ನೆ ಬಂತು. ಅದನ್ನು ಎತ್ತಿದವಳು ನನ್ನಾಕೆ. 'ದುಡ್ಡು ಆರು ಜನರದ್ದು. ನಿಮ್ಮ ನಿಯಮಕ್ಕೆ ಅವರ್ಯಾಕೆ ಕಟ್ಟಬೇಕು?'

ಸರಿಯಾದ ಮಾತು. ಕಿಟ್ಟಿ ನನ್ನ ಸ್ವಂತದ್ದಲ್ಲ, ನಂಬಿಕೆಯ ಮೇಲೆ ಕೊಟ್ಟದ್ದು. ಖಜಾಂಚಿಯ ಮೊದಲ ಕರ್ತವ್ಯ ಅದನ್ನು ಉಳಿಸುವುದು. ಹಾಗೆಂದು, ಅವರಿಗೆ ಉಳಿಸಿಕೊಡಲು ನಾನು ಒಪ್ಪದ ಕೆಲಸವನ್ನು ನನ್ನ ಕೈಯಿಂದ ಮಾಡಬೇಕೆ? ಬ್ಯಾಂಕಿನಲ್ಲಿ ಇದಕ್ಕೆ ಉತ್ತರ ಸುಲಭ; ಪುಸ್ತಕ ತೆರೆದರೆ ಸುತ್ತೋಲೆ ಇರುತ್ತದೆ. ದೋಣಿಯಲ್ಲಿ ಸುತ್ತೋಲೆ ಇಲ್ಲ. ಯೋಚಿಸಿದಾಗ ನನಗೆ ತೋಚಿದ್ದು ಇಷ್ಟು. ನಂಬಿಕೆಯ ಹಣವನ್ನು ಹಿಡಿದವನು ಆ ಹಣಕ್ಕಾಗಿ ತಪ್ಪು ಮಾಡಬೇಕಾಗಿಲ್ಲ, ಬೇಡ ಅನ್ನಿಸಿದರೆ ಕೈಚೀಲ ವಾಪಸು ಕೊಡಬಹುದು. ಆದರೆ ಕೈಚೀಲ ಇಟ್ಟುಕೊಂಡೇ ತನ್ನ ಧರ್ಮ ನಡೆಸುತ್ತೇನೆ ಎಂದರೆ ಅದರ ಖರ್ಚು ಅವನ ಖಾತೆಗೇ ಬೀಳಬೇಕು. ಬೇರೆಯವರ ದುಡ್ಡಿನಲ್ಲಿ ದಾನ ಮಾಡುವವರನ್ನು ನೋಡಿದ್ದೇವೆ. ಬೇರೆಯವರ ದುಡ್ಡಿನಲ್ಲಿ ಪ್ರಾಮಾಣಿಕರಾಗುವುದೂ ಅದೇ ಜಾತಿಯದು.

ಹಾಗಾಗಿ ಎರಡೂ ದಾರಿಯನ್ನು ಅವರ ಮುಂದಿಟ್ಟೆ. 'ಚೀಲ ಬೇಕಾದರೆ ನೀವೇ ತಗೊಳ್ಳಿ. ನನ್ನ ಹತ್ರ ಇದ್ದರೆ ಬಿಲ್ಲನ್ನು ಡಾಲರಿನಲ್ಲೇ ಕಟ್ಟುತ್ತೇನೆ, ವ್ಯತ್ಯಾಸದ 129 ಡಾಲರು ನನ್ನ ಲೆಕ್ಕಕ್ಕೆ.' ಅಳಿಯ ಬೇಡವೆಂದ, ಮಗಳು ಮುನಿಸಿಕೊಂಡಳು, ನಾನು ಬಿಡಲಿಲ್ಲ. ಬಿಲ್ಲು ಕಟ್ಟಿ ರಸೀತಿ ತೆಗೆದುಕೊಂಡೆ. ಗೈಡಿಗೆ ಆರು ಜನರ ಲೆಕ್ಕದಲ್ಲಿ ಕೊಡಬೇಕೆಂದಿದ್ದ ಭಕ್ಷೀಸನ್ನು ರುಫಿಯಾದಲ್ಲಿ ಕೊಡುವ ಬದಲು 120 ಡಾಲರನ್ನು ಡಾಲರಾಗಿಯೇ ಕೊಟ್ಟೆವು. ಅದು ಬದಲಾವಣೆಯಲ್ಲ, ಅವನ ದುಡಿಮೆಗೆ ಸಂದದ್ದು. ಅದನ್ನು ಅವನು ತಾಯಿಯ ಕೈಗೆ ಕೊಡಬಹುದು.

ಅವನು ಸಿಟ್ಟಾಗಲಿಲ್ಲ. ನೋಟುಗಳನ್ನು ಮಡಚದೆ ಪುಸ್ತಕವೊಂದರ ನಡುವೆ ಇಟ್ಟುಕೊಂಡ. ಆಮೇಲೆ ಹೇಳಿದ: 'ನೀವು ಹೇಳಿದ್ದು ಗೊತ್ತಾಯ್ತು ಅಂಕಲ್. ನಿಮ್ಮ ಹತ್ರ ಡಾಲರ್ ಇದೆ, ನಿಮಗೆ ನಿಯಮ ಪಾಲಿಸ್ಲಿಕ್ಕೆ ಆಗ್ತದೆ.'

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಿಯಮದಿಂದ ಆಗುವ ಒಳ್ಳೆಯದು ಲಕ್ಷಾಂತರ ಜನರಿಗೆ ಚಿಟಿಕೆ ಚಿಟಿಕೆಯಾಗಿ ಹಂಚಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಅದರ ನೋವು ಎದುರಿಗೆ ನಿಂತ ಒಬ್ಬನ ಮೇಲೆ ಇಡಿಯಾಗಿ ಬೀಳುತ್ತದೆ. ನಾನು ಮಾರದಿದ್ದರೆ ಅವನ ತಾಯಿಯ ಕಾಯಿಲೆ ನಿಲ್ಲುವುದಿಲ್ಲ. ಅವನು ಬೇರೆ ಯಾರಿಂದಲೋ ಕೊಳ್ಳುತ್ತಾನೆ, ಬಹುಶಃ ಇನ್ನೂ ಹೆಚ್ಚಿನ ದರಕ್ಕೆ. ಇದನ್ನೆಲ್ಲ ತಿಳಿದೂ ನಾನು ಮತ್ತೆ ಅಂಥ ಕಡೆ ಹೋದರೆ ಅದನ್ನೇ ಮಾಡುತ್ತೇನೆ. ಆದರೆ ಮಾಡಿದವನು ಎದೆಯುಬ್ಬಿಸಿ ನಡೆಯಬಾರದು ಎಂದು ಮಾತ್ರ ಕಲಿತೆ. ಇನ್ನೊಬ್ಬನ ಕಷ್ಟದ ಎದುರು ನಿಯಮ ಹೇಳುವವನು ತಾನು ಎಷ್ಟು ತೆತ್ತೆ ಎಂದು ಮೊದಲು ನೋಡಿಕೊಳ್ಳಬೇಕು. 129 ಡಾಲರ್ ದೊಡ್ಡ ಮೊತ್ತವಲ್ಲ. ಆದರೂ ಸೊನ್ನೆಯಲ್ಲ.

ಇದೆಲ್ಲ ಹೊರದೇಶಕ್ಕೆ ಹೋಗುವವರ ತಾಪತ್ರಯ, ಊರಲ್ಲಿ ಕುಳಿತ ನಮಗೇನು ಎಂದು ನೀವು ಹೇಳಬೇಡಿ. ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪೇಟೆಗಳಲ್ಲಿ 'ಬೊಂಬಾಯಿಯವರು ಬಂದ್ರು, ಇನ್ನು ಮೀನು ಮುಟ್ಲಿಕ್ಕಿಲ್ಲ' ಎನ್ನುವ ಮಾತು ನೀವೂ ಕೇಳಿದ್ದೀರಿ, ಬಹುಶಃ ನೀವೇ ಹೇಳಿದ್ದೀರಿ. ರಜೆಗೆ ಬಂದವರು ಚೌಕಾಸಿ ಮಾಡದೆ ಅಂಜಲ್ ಮೀನು ಕೊಂಡುಹೋದರೆ ಮೀನು ಮಾರುವವಳಿಗೆ ಸಂತೋಷ. ಕೊಂಡವರಿಗೂ ಸಂತೋಷ. ಬುಟ್ಟಿಯ ಹಿಂದೆ ನಿಂತ ಅಂಗನವಾಡಿ ಟೀಚರು ಬೆಲೆ ಕೇಳಿ ಸುಮ್ಮನೆ ಬೂತಾಯಿಯ ಕಡೆ ತಿರುಗುತ್ತಾರೆ. ಜಾಗದ ವಿಷಯವೂ ಹಾಗೇ. ನಮ್ಮ ಹಳ್ಳಿಯಲ್ಲಿ ಹತ್ತು ಸೆಂಟ್ಸಿನ ಬೆಲೆ ಏರಿದ್ದು ಹಳ್ಳಿಯವರ ಸಂಪಾದನೆಯಿಂದಲ್ಲ. ಇಲ್ಲಿ ಯಾವ ನಿಯಮವೂ ಮುರಿದಿಲ್ಲ, ಎಲ್ಲ ಕಾನೂನು ಪ್ರಕಾರವೇ. ಆದರೂ ಅಳಿಯ ಕೇಳಿದ 'ಯಾರಿಗೆ ನಷ್ಟ' ಎಂಬ ಪ್ರಶ್ನೆಗೆ ಇಲ್ಲೂ ಉತ್ತರವಿದೆ, ಆ ಉತ್ತರ ಬುಟ್ಟಿಯ ಹಿಂದೆ ನಿಂತಿರುತ್ತದೆ.

ಹಾಗೆಂದು ಮುಂಬಯಿಯವರು ಊರಿಗೆ ಬರಬಾರದು, ಮೀನು ತಿನ್ನಬಾರದು ಎಂದು ನಾನು ಹೇಳಿದರೆ ನನ್ನ ಮನೆಯಲ್ಲೇ ನನಗೆ ಊಟ ಸಿಗಲಿಕ್ಕಿಲ್ಲ. ನಾನು ಮಾಡಿಕೊಂಡಿರುವ ಏರ್ಪಾಡು ಚಿಕ್ಕದು. ರಜೆಯಲ್ಲಿ ಪೇಟೆಗೆ ಹೋದರೆ ಮೊದಲು ಎರಡು ನಿಮಿಷ ಸುಮ್ಮನೆ ನಿಲ್ಲುತ್ತೇನೆ, ಊರಿನವರು ಏನು ಬೆಲೆ ಕೊಡುತ್ತಾರೆ ನೋಡುತ್ತೇನೆ. ಅದಕ್ಕಿಂತ ಕಡಿಮೆ ಕೇಳುವುದಿಲ್ಲ, ಹೆಚ್ಚಿಗೆ ಎಸೆಯುವುದಿಲ್ಲ. ಬಹಳ ಸಲ ನನ್ನ ಸರದಿ ಬರುವಷ್ಟರಲ್ಲಿ ಅಂಜಲ್ ಮುಗಿದಿರುತ್ತದೆ. ಬೂತಾಯಿ ಗಸಿಯೂ ಒಳ್ಳೆಯದೇ.